ಶಿಲ್ಪಿಯ ಕೈ ಕಡಿದವರು ಯಾರು? ರಶೋಮಾನ್ ಚಿತ್ರವೂ ಕಲ್ಕುಡನ ಮೊಕದ್ದಮೆಯೂ

(ಉಪನ್ಯಾಸದ ಬರಹರೂಪ)

ಒಂದು ಸಾವು ಸಂಭವಿಸಿದೆ. ಸ್ಥಳ, ಜಪಾನಿನ ಹಳೆಯ ರಾಜಧಾನಿ ಕ್ಯೋಟೋ ಸಮೀಪದ ಕಾಡು. ಸತ್ತವನು ಒಬ್ಬ ಸಮುರಾಯ್, ಎಂದರೆ ಕತ್ತಿ ಹಿಡಿಯುವ ವರ್ಗಕ್ಕೆ ಸೇರಿದ ಯೋಧ. ಸೌದೆ ಕಡಿಯಲು ಹೋದ ಬಡವನೊಬ್ಬ ಹೆಣವನ್ನು ಕಂಡು ಓಡಿಬಂದು ದೂರು ಕೊಟ್ಟಿದ್ದಾನೆ. ಆ ದಾರಿಯ ಹೆಸರಾಂತ ದರೋಡೆಕೋರ ಸಿಕ್ಕಿಬಿದ್ದಿದ್ದಾನೆ. ಸತ್ತವನ ಹೆಂಡತಿಯೂ ಸಿಕ್ಕಿದ್ದಾಳೆ. ಎಲ್ಲರನ್ನೂ ಕರೆಸಿ ನ್ಯಾಯಾಧಿಕಾರಿಯ ಅಂಗಳದಲ್ಲಿ ವಿಚಾರಣೆ ನಡೆಸಲಾಗುತ್ತಿದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಓದಿ ಬೆಳೆದ ಕನ್ನಡಿಗರಿಗೆ ಮುಂದಿನದು ಗೊತ್ತೇ ಇದೆ: ಇನ್ನು ಜಾಣನೊಬ್ಬ ಬರಬೇಕು, ಸುಳ್ಳನ್ನು ಒಂದೊಂದಾಗಿ ಬಿಡಿಸಬೇಕು, ಕೊನೆಯ ಪುಟದಲ್ಲಿ ಕೊಲೆಗಾರನತ್ತ ಬೆರಳು ತೋರಿಸಬೇಕು.

ಆದರೆ ಅಕಿರ ಕುರೊಸಾವ 1950ರಲ್ಲಿ ತೆಗೆದ 'ರಶೋಮಾನ್' ಚಿತ್ರದಲ್ಲಿ ಆ ಜಾಣ ಬರುವುದೇ ಇಲ್ಲ. 88 ನಿಮಿಷಗಳ ಚಿತ್ರ ಮುಗಿಯುವಾಗಲೂ ಕೊಂದವರು ಯಾರೆಂಬುದು ಇತ್ಯರ್ಥವಾಗುವುದಿಲ್ಲ. ಹಾಗಿದ್ದೂ ಅದು 1951ರಲ್ಲಿ ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಜಪಾನಿನ ಚಲನಚಿತ್ರಗಳತ್ತ ಹೊರಜಗತ್ತು ತಿರುಗಿ ನೋಡುವಂತೆ ಮಾಡಿತು. ಉತ್ತರವೇ ಇಲ್ಲದ ಪತ್ತೇದಾರಿ ಚಿತ್ರಕ್ಕೆ ಇಷ್ಟೊಂದು ಬೆಲೆ ಏಕೆ ಬಂತು? ಅದಕ್ಕಿಂತ ಮುಖ್ಯವಾಗಿ, ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಜನರಿಗೂ ಆ ಚಿತ್ರಕ್ಕೂ ಏನು ಸಂಬಂಧ? ಸಂಬಂಧ ಇದೆ. ಈ ಸೀಮೆಯಲ್ಲೇ ಅಂಥದೊಂದು ಮೊಕದ್ದಮೆ ನೂರಾರು ವರ್ಷಗಳಿಂದ ವಿಚಾರಣೆಯಲ್ಲಿದೆ. ಅದು ಕಲ್ಕುಡನೆಂಬ ಶಿಲ್ಪಿಯ ಮೊಕದ್ದಮೆ.

ಅದಕ್ಕೆ ಮೊದಲು ಜಪಾನಿನ ಪತ್ತೇದಾರರ ಪರಿಚಯ ಮಾಡಿಕೊಳ್ಳಬೇಕು. ಸಮುರಾಯ್ ಕಾಲದ ಹಿನ್ನೆಲೆಯಲ್ಲಿ ಅಪರಾಧ ಪತ್ತೆಯ ಕಥೆ ಹೇಳುವುದು ಅಲ್ಲಿ ಒಂದು ದೊಡ್ಡ ಪರಂಪರೆ. ಅದಕ್ಕೆ 'ತೊರಿಮೊನೊಚೊ' ಎಂದು ಹೆಸರು. ಅಪರಾಧಿಗಳನ್ನು ಹಿಡಿದ ದಾಖಲೆಯ ಪುಸ್ತಕ ಎಂಬಂಥ ಅರ್ಥ. ಇದನ್ನು ಆರಂಭಿಸಿದವರು ಒಕಾಮೊತೊ ಕಿದೊ ಎಂಬ ಲೇಖಕ. ಇಂಗ್ಲಿಷಿನಲ್ಲಿ ಷೆರ್ಲಾಕ್ ಹೋಮ್ಸ್ ಕಥೆಗಳನ್ನು ಓದಿ ಮೆಚ್ಚಿದ ಅವರು, ಆ ಮಾದರಿಯನ್ನು ತಮ್ಮ ದೇಶದ ಹಳೆಯ ಕಾಲಕ್ಕೆ ಕೊಂಡೊಯ್ದು, 1917ರಿಂದ ಹನ್‌ಶಿಚಿ ಎಂಬ ಪತ್ತೇದಾರನ ಕಥೆಗಳನ್ನು ಬರೆದರು. ಅನಂತರ 1931ರಲ್ಲಿ ನೊಮುರಾ ಕೊದೊ ಅವರ ಜೆನಿಗಾತ ಹೇಜಿ ಬಂದ. ನಾಣ್ಯವನ್ನು ಗುರಿಯಿಟ್ಟು ಎಸೆದು ಕಳ್ಳನನ್ನು ಕೆಡಹುವ ಈ ಪತ್ತೇದಾರ ಪುಸ್ತಕದಿಂದ ಬೆಳ್ಳಿತೆರೆಗೆ, ಅಲ್ಲಿಂದ ಟೆಲಿವಿಷನ್ನಿಗೆ ಹೋಗಿ ಮನೆಮಾತಾದ.

ಈ ಕಥೆಗಳ ಕಾಲ 1603ರಿಂದ 1868ರವರೆಗಿನ ತೊಕುಗಾವ ಆಳ್ವಿಕೆ. ಸ್ಥಳ ಇಂದು ಟೋಕಿಯೋ ಎನ್ನಿಸಿಕೊಂಡಿರುವ ಎದೊ ನಗರ. ಸುಮಾರು ಹತ್ತು ಲಕ್ಷ ಜನರಿದ್ದ ಆ ನಗರಕ್ಕೆ ಉತ್ತರ, ದಕ್ಷಿಣ ಎಂದು ಎರಡು ನ್ಯಾಯಾಧಿಕಾರಿ ಕಚೇರಿಗಳಿದ್ದವು. ಅವು ತಿಂಗಳಿಗೊಂದರಂತೆ ಸರದಿಯಲ್ಲಿ ಹೊಸ ದೂರುಗಳನ್ನು ತೆಗೆದುಕೊಳ್ಳುತ್ತಿದ್ದವು. ಒಂದೊಂದು ಕಚೇರಿಗೆ 25 ಮಂದಿ ಹಿರಿಯ ಅಧಿಕಾರಿಗಳು, ಅವರ ಕೈಕೆಳಗೆ ನೂರರ ಆಸುಪಾಸಿನಲ್ಲಿ ಕಿರಿಯ ಅಧಿಕಾರಿಗಳು. ಅಷ್ಟು ದೊಡ್ಡ ಊರಿಗೆ ಇದು ಸಾಲದು. ಆದ್ದರಿಂದ ಆ ಕಿರಿಯ ಅಧಿಕಾರಿಗಳು ತಮ್ಮ ಕೈಯಿಂದಲೇ ಹಣ ಕೊಟ್ಟು, ಗಲ್ಲಿಗಲ್ಲಿಯ ಸುದ್ದಿ ಬಲ್ಲ ಸಹಾಯಕರನ್ನು ಇಟ್ಟುಕೊಳ್ಳುತ್ತಿದ್ದರು. ಇವರಲ್ಲಿ ಹಿಂದೆ ತಾವೇ ಅಪರಾಧ ಮಾಡಿ ಸಿಕ್ಕಿಬಿದ್ದವರೂ ಇದ್ದರು. ಹನ್‌ಶಿಚಿ, ಹೇಜಿ ಇಬ್ಬರೂ ಈ ಸಹಾಯಕರ ವರ್ಗದವರು. ಅವರಿಗೆ ಸಮುರಾಯ್ ಪದವಿ ಇಲ್ಲ, ಎರಡು ಕತ್ತಿ ಧರಿಸುವ ಹಕ್ಕಿಲ್ಲ.

ಆ ಕಾಲದ ತನಿಖೆಯಲ್ಲಿ ಶಾಸ್ತ್ರ ಇರಲಿಲ್ಲವೆಂದಲ್ಲ. ಹೆಣವನ್ನು ನೋಡಿ ಸಾವಿನ ಕಾರಣ ತಿಳಿಯುವ ವಿಧಾನವನ್ನು ಚೀನದ ಸೊಂಗ್ ಚಿ ಎಂಬ ಅಧಿಕಾರಿ 1247ರಷ್ಟು ಹಿಂದೆಯೇ ಗ್ರಂಥವಾಗಿ ಬರೆದಿಟ್ಟಿದ್ದ. ಆ ಪರಂಪರೆಯ ಇನ್ನೊಂದು ಚೀನೀ ಗ್ರಂಥ 1768ರಲ್ಲಿ ಜಪಾನೀ ರೂಪದಲ್ಲಿ ಅಚ್ಚಾಯಿತು. ಆದರೂ ತೊಕುಗಾವ ನ್ಯಾಯಪದ್ಧತಿಯಲ್ಲಿ ಎಲ್ಲಕ್ಕಿಂತ ಹೆಚ್ಚಿನ ಬೆಲೆ ಇದ್ದದ್ದು ತಪ್ಪೊಪ್ಪಿಗೆಗೆ. ಆರೋಪಿಯ ಬಾಯಿಂದ 'ಹೌದು, ನಾನೇ ಮಾಡಿದೆ' ಎಂಬ ಮಾತು ಹೊರಡಬೇಕು. ಅದಕ್ಕಾಗಿ ಚಿತ್ರಹಿಂಸೆಗೂ ಅವಕಾಶವಿತ್ತು. ಕಥೆಯ ಪತ್ತೇದಾರ ಜನರಿಗೆ ಪ್ರಿಯನಾಗಲು ಇದೂ ಒಂದು ಕಾರಣವಿದ್ದೀತು: ಹೊಡೆದು ಬಡಿದು ಬಾಯಿ ಬಿಡಿಸುವ ಕಾಲದಲ್ಲಿ ಅವನು ಬುದ್ಧಿಯಿಂದ ಸತ್ಯವನ್ನು ಹೊರತೆಗೆಯುತ್ತಿದ್ದ.

ಕುರೊಸಾವ ಈ ತಪ್ಪೊಪ್ಪಿಗೆಯ ನಂಬಿಕೆಯನ್ನೇ ತಲೆಕೆಳಗು ಮಾಡಿದರು. ಅವರ ಕಥೆ ಎದೊ ಕಾಲಕ್ಕಿಂತ ಬಹಳ ಹಿಂದಿನದು. ಸಮುರಾಯ್ ವರ್ಗ ಆಗಷ್ಟೇ ತಲೆ ಎತ್ತುತ್ತಿದ್ದ, ರಾಜಧಾನಿ ಹಾಳು ಬೀಳುತ್ತಿದ್ದ ಹೆಯಾನ್ ಯುಗದ ಕೊನೆ. ಮೂಲ ಕಥೆ ಅಕುತಗಾವ ರ್ಯುನೊಸುಕೆ 1922ರಲ್ಲಿ ಪ್ರಕಟಿಸಿದ 'ಪೊದೆಯೊಳಗೆ' ಎಂಬ ಅರ್ಥದ ಹೆಸರಿನ ಸಣ್ಣ ಕಥೆ. ಚಿತ್ರದ ಹೆಸರು ಮಾತ್ರ ಅದೇ ಲೇಖಕರ 1915ರ ಇನ್ನೊಂದು ಕಥೆಯದು. ರಶೋಮಾನ್ ಎಂದರೆ ಕ್ಯೋಟೋ ನಗರದ ಮಹಾದ್ವಾರ. ಸುರಿಯುವ ಮಳೆಯಲ್ಲಿ, ಮುರಿದುಬಿದ್ದ ಆ ದ್ವಾರದ ಕೆಳಗೆ ನಿಂತ ಮೂವರು ಈ ಕೊಲೆಯ ವಿಚಾರಣೆಯನ್ನು ನೆನಪಿಸಿಕೊಳ್ಳುತ್ತಾರೆ. ಚಿತ್ರ ಅಲ್ಲಿಂದ ಆರಂಭ.

ದರೋಡೆಕೋರ ಹೇಳುತ್ತಾನೆ: ಸಮುರಾಯ್‌ನನ್ನು ಕಟ್ಟಿಹಾಕಿ ಅವನ ಹೆಂಡತಿಯ ಮಾನಭಂಗ ಮಾಡಿದ್ದು ಹೌದು, ಆಮೇಲೆ ಕಟ್ಟು ಬಿಚ್ಚಿ ವೀರನಂತೆ ಕತ್ತಿಯುದ್ಧ ಮಾಡಿಯೇ ಅವನನ್ನು ಕೊಂದೆ. ಹೆಂಡತಿ ಹೇಳುತ್ತಾಳೆ: ಗಂಡನ ಕಣ್ಣಿನ ತಿರಸ್ಕಾರ ತಾಳಲಾರದೆ ಕಠಾರಿ ಹಿಡಿದು ಮೂರ್ಛೆ ಹೋದೆ, ಎಚ್ಚರವಾದಾಗ ಅದು ಅವನ ಎದೆಯಲ್ಲಿತ್ತು. ಸತ್ತ ಸಮುರಾಯ್ ಹೇಳುತ್ತಾನೆ: ಅವಮಾನದಿಂದ ನಾನೇ ಇರಿದುಕೊಂಡೆ. ಗಮನಿಸಬೇಕಾದ ಸಂಗತಿ ಇಲ್ಲಿದೆ. ಸಾಮಾನ್ಯ ಪತ್ತೇದಾರಿ ಕಥೆಯಲ್ಲಿ ಎಲ್ಲರೂ 'ನಾನಲ್ಲ' ಎನ್ನುತ್ತಾರೆ. ಇಲ್ಲಿ ಮೂವರೂ ಸಾವಿನ ಹೊಣೆಯನ್ನು ತಮ್ಮ ಮೇಲೆಯೇ ಎಳೆದುಕೊಳ್ಳುತ್ತಾರೆ. ಮೂರು ತಪ್ಪೊಪ್ಪಿಗೆಗಳಿವೆ, ಒಂದಕ್ಕೊಂದು ಕೂಡುವುದಿಲ್ಲ. ಪ್ರಾಣ ಹೋದರೂ ಚಿಂತೆಯಿಲ್ಲ, ತಮ್ಮ ಬಗ್ಗೆ ತಾವು ಕಟ್ಟಿಕೊಂಡ ಚಿತ್ರ ಒಡೆಯಬಾರದು ಎಂಬುದು ಆ ಮೂವರ ಹಟ. ಕಳ್ಳನಿಗೆ ಶೂರನೆನಿಸಿಕೊಳ್ಳಬೇಕು, ಹೆಂಡತಿಗೆ ಮಾನವಂತೆ ಎನಿಸಿಕೊಳ್ಳಬೇಕು, ಸಮುರಾಯ್‌ಗೆ ಮರ್ಯಾದೆಗಾಗಿ ಜೀವ ಬಿಟ್ಟವನೆನಿಸಿಕೊಳ್ಳಬೇಕು.

ಸತ್ತವನು ಸಾಕ್ಷಿ ಹೇಳಿದ್ದು ಹೇಗೆ? ಪಾತ್ರಿಯ ಮೂಲಕ. ವಿಚಾರಣೆಯ ಅಂಗಳಕ್ಕೆ ಒಬ್ಬ ಹೆಂಗಸನ್ನು ಕರೆತರುತ್ತಾರೆ. ಗಾಳಿ ಬೀಸುತ್ತದೆ, ಬಟ್ಟೆ ಹಾರಾಡುತ್ತದೆ, ಅವಳು ಕೈಯಲ್ಲಿ ಗೆಜ್ಜೆ ಹಿಡಿದು ಸುತ್ತಿ ಸುತ್ತಿ ಕುಣಿಯುತ್ತಾಳೆ. ಒಮ್ಮೆಲೇ ಅವಳ ಬಾಯಿಂದ ಗಂಡಸಿನ ದನಿ ಹೊರಡುತ್ತದೆ. ಪಾಶ್ಚಾತ್ಯ ಪ್ರೇಕ್ಷಕರಿಗೆ ಇದು ವಿಚಿತ್ರವೆನಿಸಿದ್ದರೆ ಆಶ್ಚರ್ಯವಿಲ್ಲ. ಕೋಲ, ನೇಮ, ದರ್ಶನಗಳನ್ನು ಬಾಲ್ಯದಿಂದ ಕಂಡ ತುಳುನಾಡಿನವರಿಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಜಾಗದ ತಕರಾರು, ಕಳವು, ಮನೆತನದ ಒಡಕು ಇವುಗಳನ್ನೆಲ್ಲ ದೈವದ ಮುಂದಿಟ್ಟು ನುಡಿ ಕೇಳುವ ಪದ್ಧತಿ ಇಲ್ಲಿ ಇಂದಿಗೂ ಇದೆ. 'ಮಾತು ಬಿಡ ಮಂಜುನಾಥ' ಎಂಬ ಗಾದೆ ಹುಟ್ಟಿದ್ದು ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಆಣೆಯ ಮಾತಿಗೆ ಜನ ಕೊಟ್ಟ ಬೆಲೆಯಿಂದ. ಆದ್ದರಿಂದ ಈ ನೆಲದ ಪ್ರೇಕ್ಷಕ ಆ ದೃಶ್ಯವನ್ನು ನೋಡುವಾಗ ಕೇಳುವ ಪ್ರಶ್ನೆಯೇ ಬೇರೆ. 'ಸತ್ತವನು ಮಾತಾಡಬಲ್ಲನೆ?' ಎಂದು ಅವನು ಕೇಳುವುದಿಲ್ಲ. 'ಸತ್ತವನೂ ಸುಳ್ಳು ಹೇಳಬಹುದೇ?' ಎಂದು ಕೇಳುತ್ತಾನೆ. ಚಿತ್ರದ ಒಳಗೂ ಇದೇ ಪ್ರಶ್ನೆ ಬರುತ್ತದೆ. ಸತ್ತವರು ಸುಳ್ಳಾಡುವುದಿಲ್ಲ ಎಂದು ನಂಬಲು ಬಯಸುವ ಬೌದ್ಧ ಭಿಕ್ಷು ಅಲ್ಲಿ ತತ್ತರಿಸುತ್ತಾನೆ.

ಈಗ ಕಲ್ಕುಡನ ಮೊಕದ್ದಮೆಗೆ ಬರಬಹುದು. ಕಲ್ಕುಡ, ಕಲ್ಲುರ್ಟಿ ಅವಳಿ ಅಣ್ಣ ತಂಗಿ. ಬಂಟ್ವಾಳ ತಾಲೂಕಿನ ಸಜಿಪಮೂಡ ಗ್ರಾಮದ ಪಣೋಲಿಬೈಲಿನಲ್ಲಿರುವ ಕಲ್ಲುರ್ಟಿಯ ಕ್ಷೇತ್ರಕ್ಕೆ ಅಗೇಲು ಸೇವೆ, ಕೋಲದ ಹರಕೆ ಹೊತ್ತು ದೂರದೂರುಗಳಿಂದ ಜನ ಬರುತ್ತಾರೆ. ಇವರ ಕಥೆ ಇರುವುದು ಪಾಡ್ದನದಲ್ಲಿ. ಬಾಸೆಲ್ ಮಿಷನ್ನಿನ ಎ. ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ತುಳು ಪಾಡ್ದನಗಳ ಸಂಗ್ರಹವೊಂದನ್ನು ಅಚ್ಚು ಹಾಕಿಸಿದರು. ಜಿಲ್ಲೆಯಲ್ಲಿ ನ್ಯಾಯಾಧೀಶರಾಗಿದ್ದ ಎ.ಸಿ. ಬರ್ನೆಲ್ ಸಂಗ್ರಹಿಸಿದ ಪಾಠಗಳು, ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1894ರಿಂದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಡನೆ ಬಂದವು. ಕಲ್ಕುಡನ ಕಥೆಯೂ ಅವುಗಳಲ್ಲಿದೆ. ಪಾಠದಿಂದ ಪಾಠಕ್ಕೆ ವಿವರ ಬದಲಾದರೂ ಕಥೆಯ ಬೆನ್ನೆಲುಬು ಒಂದೇ.

ತಂದೆ ಶಂಭು ಕಲ್ಕುಡ ಬೆಳಗೊಳದ ಅರಸನ ಕರೆಗೆ ಓಗೊಟ್ಟು ಕಲ್ಲಿನ ಕೆಲಸಕ್ಕೆ ಹೋಗುತ್ತಾನೆ. ಊರಿನಲ್ಲಿ ಅವಳಿ ಮಕ್ಕಳು ಹುಟ್ಟುತ್ತವೆ. ಮಗ ಬೀರ ಕಲ್ಕುಡ ದೊಡ್ಡವನಾಗಿ ತಂದೆಯನ್ನು ಹುಡುಕಿಕೊಂಡು ಹೋಗಿ, ತಂದೆಯ ಕೆಲಸದಲ್ಲೇ ದೋಷ ತೋರಿಸುತ್ತಾನೆ. ಅವಮಾನಗೊಂಡ ತಂದೆ ಪ್ರಾಣ ಬಿಡುತ್ತಾನೆ. ಮಗನ ಕೀರ್ತಿ ಹರಡಿ, ಕಾರ್ಕಳದ ಭೈರವ ಅರಸ ಅವನನ್ನು ಕರೆಸಿ ಗುಮ್ಮಟನನ್ನು ಮಾಡಿಸುತ್ತಾನೆ. ಕೆಲಸ ಮುಗಿದ ಮೇಲೆ, ಇಂಥದ್ದನ್ನು ಇನ್ನೊಬ್ಬ ಅರಸನಿಗೆ ಮಾಡಿಕೊಡಬಾರದೆಂದು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸುತ್ತಾನೆ. ಕಲ್ಕುಡ ಅದೇ ಸ್ಥಿತಿಯಲ್ಲಿ ವೇಣೂರಿನ ಅಜಿಲ ಅರಸನಲ್ಲಿಗೆ ಹೋಗಿ, ಒಂದೇ ಕೈಯಲ್ಲಿ ಅಲ್ಲಿಯೂ ಗುಮ್ಮಟನನ್ನು ಮಾಡುತ್ತಾನೆ. ಅಣ್ಣನನ್ನು ಅರಸುತ್ತ ಬಂದ ತಂಗಿ ಅವನ ಸ್ಥಿತಿ ಕಂಡು ಕೆರಳುತ್ತಾಳೆ. ಇಬ್ಬರೂ ಮಾಯವಾಗಿ ದೈವಗಳಾಗುತ್ತಾರೆ. ಭೈರವನ ಅರಮನೆಯನ್ನು ಕಾಡುತ್ತಾರೆ.

ಹನ್‌ಶಿಚಿಯಂಥ ಪತ್ತೇದಾರನ ಕೈಗೆ ಈ ಪ್ರಕರಣ ಸಿಕ್ಕಿದ್ದರೆ ಅವನು ಮೊದಲು ದಿನಾಂಕ ಕೇಳುತ್ತಿದ್ದ. ದಿನಾಂಕ ಕೊಡುವ ಸಾಕ್ಷಿಗಳು ಇದ್ದಾರೆ: ಮೂರ್ತಿಗಳ ಬಳಿಯ ಶಾಸನಗಳು. 42 ಅಡಿ ಎತ್ತರದ ಕಾರ್ಕಳದ ಬಾಹುಬಲಿಯನ್ನು ವೀರಪಾಂಡ್ಯ ಭೈರರಸ ಪ್ರತಿಷ್ಠಾಪಿಸಿದ್ದು 1432ರ ಫೆಬ್ರವರಿ 13ರಂದು. ವೇಣೂರಿನ ಮೂರ್ತಿಯನ್ನು ಅಜಿಲ ವಂಶದ ತಿಮ್ಮರಾಜ ಪ್ರತಿಷ್ಠಾಪಿಸಿದ್ದು 1604ರ ಮಾರ್ಚ್ 1ರಂದು. ಎದೊ ನಗರದಲ್ಲಿ ತೊಕುಗಾವ ಆಳ್ವಿಕೆ ಆರಂಭವಾದ ಮರುವರ್ಷ. ಎರಡಕ್ಕೂ ನಡುವೆ 172 ವರ್ಷಗಳ ಅಂತರ. ತಂದೆ ಕೆಲಸ ಮಾಡಿದನೆನ್ನುವ ಬೆಳಗೊಳದ ಗೊಮ್ಮಟನಾದರೋ ಇನ್ನೂ ಹಿಂದೆ, 981ರ ಸುಮಾರಿಗೆ, ಚಾವುಂಡರಾಯನ ಕಾಲದಲ್ಲಿ ಎದ್ದುನಿಂತದ್ದು. ಬೆಳಗೊಳದಿಂದ ವೇಣೂರಿನವರೆಗೆ ಲೆಕ್ಕ ಹಾಕಿದರೆ 600ಕ್ಕೂ ಹೆಚ್ಚು ವರ್ಷ. ಒಬ್ಬ ತಂದೆ, ಒಬ್ಬ ಮಗ ಅಷ್ಟು ಕಾಲ ಉಳಿ ಹಿಡಿದಿರಲು ಸಾಧ್ಯವಿಲ್ಲ. ಪಾಟೀಸವಾಲಿನ ಮೊದಲ ಪ್ರಶ್ನೆಗೇ ಪಾಡ್ದನ ಸೋತಿತು ಎಂದು ಅವಸರದ ಪತ್ತೇದಾರ ಕಡತ ಮುಚ್ಚಿಬಿಡಬಹುದು.

ಎರಡನೆಯ ಸಂಶಯವೂ ಇದೆ. ಮಗ ತಂದೆಯ ಮೂರ್ತಿಯಲ್ಲಿ ದೋಷ ತೋರಿಸುವ ಕಥೆ ಬೇಲೂರಿನ ಜಕಣಾಚಾರಿ ಮತ್ತು ಡಂಕಣರ ಹೆಸರಿನಲ್ಲಿ ಘಟ್ಟದ ಮೇಲೆ ಮನೆಮಾತಾಗಿದೆ. ಅಲ್ಲಿಯೂ ಶಿಲ್ಪಿ ಕೈ ಕಳೆದುಕೊಳ್ಳುತ್ತಾನೆ. ಆದರೆ ತಾನೇ ಕಡಿದುಕೊಳ್ಳುತ್ತಾನೆ. ಇನ್ನೂ ದೂರ ಹೋದರೆ, ತಾಜಮಹಲು ಕಟ್ಟಿದವರ ಕೈ ಕಡಿಸಿದರೆಂಬ ಮಾತು ಆಗ್ರಾದಲ್ಲಿದೆ, ಅದಕ್ಕೆ ಆಧಾರವಿಲ್ಲ. ಮಾಸ್ಕೋದ ಸಂತ ಬೆಸಿಲ್ ಚರ್ಚಿನ ವಾಸ್ತುಶಿಲ್ಪಿಯ ಕಣ್ಣನ್ನು ತ್ಸಾರ್ ಇವಾನ್ ಕೀಳಿಸಿದನೆಂಬ ಕಥೆ ರಷ್ಯದಲ್ಲಿದೆ. ಆ ಶಿಲ್ಪಿ ಆಮೇಲೂ ಬೇರೆ ಊರಿನಲ್ಲಿ ಕಟ್ಟಡ ಕಟ್ಟಿದ ದಾಖಲೆ ಅದನ್ನು ಅಲ್ಲಗಳೆಯುತ್ತದೆ. ದೊಡ್ಡ ಕಟ್ಟಡ ಎದ್ದ ಕಡೆಯೆಲ್ಲ ಇಂಥ ಕಥೆ ಹುಟ್ಟುತ್ತದೆ. ಒಂದೇ ಬಗೆಯ ಹೇಳಿಕೆ ನಾಲ್ಕು ಊರಿನ ಸಾಕ್ಷಿಗಳ ಬಾಯಲ್ಲಿ ಬಂದರೆ, ಅದು ಕಲಿತ ಮಾತಿರಬಹುದೆಂದು ತನಿಖೆಯವರು ಅನುಮಾನಿಸುವುದು ಸಹಜ.

ಆದರೆ ರಶೋಮಾನ್ ನೋಡಿದವರು ಇಲ್ಲಿಗೆ ನಿಲ್ಲುವುದಿಲ್ಲ. ಒಬ್ಬ ಸಾಕ್ಷಿಯನ್ನು ಸಂಶಯದಿಂದ ನೋಡಿದ ಮೇಲೆ ಇನ್ನೊಬ್ಬನನ್ನೂ ಹಾಗೆಯೇ ನೋಡಬೇಕು ಎಂಬುದು ಆ ಚಿತ್ರ ಕಲಿಸುವ ಪಾಠ. ಶಾಸನ ಎಂಬ ಸಾಕ್ಷಿಗೆ ಸ್ವಾರ್ಥವಿಲ್ಲವೇ? ಕಾರ್ಕಳದ ಶಾಸನ ಅರಸನ ವಂಶವನ್ನು ಹೇಳುತ್ತದೆ, ಗುರು ಲಲಿತಕೀರ್ತಿಯ ಉಪದೇಶವನ್ನು ಹೇಳುತ್ತದೆ, ಶಕವರ್ಷ, ಮಾಸ, ತಿಥಿಗಳನ್ನು ಹೇಳುತ್ತದೆ. ವೇಣೂರಿನ ಶಾಸನ ಗುರು ಚಾರುಕೀರ್ತಿಯನ್ನು ಸ್ಮರಿಸುತ್ತದೆ. ದಿನಾಂಕದ ವಿಷಯದಲ್ಲಿ ಇವುಗಳಿಗೆ ಸುಳ್ಳು ಹೇಳಬೇಕಾದ ಕಾರಣವಿಲ್ಲ, ಆದ್ದರಿಂದ ನಂಬಬಹುದು. ಆದರೆ ಶಾಸನ ಬರೆಸುವವನು ಪುಣ್ಯ ಮತ್ತು ಕೀರ್ತಿಗಾಗಿ ಬರೆಸುತ್ತಾನೆ. ಕೆಲಸಗಾರನಿಗೆ ಅನ್ಯಾಯ ಮಾಡಿದೆನೆಂದು ಯಾವ ಅರಸನೂ ಕಲ್ಲಿನ ಮೇಲೆ ಬರೆಸುವುದಿಲ್ಲ. ಕೈ ಕಡಿದ ಮಾತು ಶಾಸನದಲ್ಲಿ ಇಲ್ಲವೆಂದ ಮಾತ್ರಕ್ಕೆ ಅದು ನಡೆಯಲಿಲ್ಲವೆಂದು ಸಾಧಿಸಿದಂತಾಗುವುದಿಲ್ಲ. ನಡೆಯಿತೆಂದೂ ಸಾಧಿಸಿದಂತಾಗುವುದಿಲ್ಲ.

ಪಾಡ್ದನಕ್ಕೂ ಅದರದೇ ಆದ ಉದ್ದೇಶವಿದೆ. ಅದು ನೊಂದವನ ಪರವಾಗಿ ಹೇಳುವ ಸಾಕ್ಷಿ. ಹೇಳುವ ರೀತಿಯನ್ನು ಗಮನಿಸಿದರೆ ಇದು ಇನ್ನೂ ಸ್ಪಷ್ಟ. ತೆಂಬರೆಯ ಬಡಿತಕ್ಕೆ ಹೆಂಗಸರು ಹಾಡುವಾಗ 'ಅವನು ಹೋದ, ಅವನ ಕೈ ಕಡಿದರು' ಎಂದಿದ್ದ ಕಥೆ, ದೈವದ ಆವೇಶ ಬಂದೊಡನೆ 'ನಾನು ಹೋದೆ, ನನ್ನ ಕೈ ಕಡಿದರು' ಎಂದಾಗುತ್ತದೆ. ಈ ಬದಲಾವಣೆಯನ್ನು ತುಳು ಜಾನಪದದ ವಿದ್ವಾಂಸರು ಗುರುತಿಸಿದ್ದಾರೆ. ಪಾತ್ರಿಯ ಬಾಯಲ್ಲಿ ಮಾತಾಡಿದ ಸಮುರಾಯ್‌ನಂತೆ, ಇಲ್ಲಿಯೂ ಅನ್ಯಾಯಕ್ಕೆ ಒಳಗಾದವನೇ ಬಂದು ಅಂಗಳದಲ್ಲಿ ನಿಲ್ಲುತ್ತಾನೆ. ಅಂತರ ಒಂದಿದೆ. ಸಮುರಾಯ್ ತನ್ನ ಮರ್ಯಾದೆಯನ್ನು ಉಳಿಸಿಕೊಳ್ಳಲು ಬಂದ, ಕಲ್ಕುಡ ನ್ಯಾಯ ಕೇಳಲು ಬಂದ. ಒಬ್ಬನ ಮಾತು ಒಂದೇ ಸಲದ ಹೇಳಿಕೆ, ಇನ್ನೊಬ್ಬನ ಮಾತನ್ನು ಊರು ತಲೆಮಾರಿನಿಂದ ತಲೆಮಾರಿಗೆ ಮತ್ತೆ ಮತ್ತೆ ಕೇಳುತ್ತಿದೆ.

ಇನ್ನೊಂದು ಸುಳಿವು ಹೆಸರಿನಲ್ಲಿದೆ. ಭೈರರಸ ಎಂಬುದು ಒಬ್ಬ ವ್ಯಕ್ತಿಯ ಹೆಸರಲ್ಲ, ಅಜಿಲ, ಚೌಟ, ಬಂಗ ಎಂಬಂತೆ ಮನೆತನದ ಹೆಸರು. 1432ರಲ್ಲಿಯೂ ಕಾರ್ಕಳದಲ್ಲಿ ಭೈರರಸನಿದ್ದ. 1586ರಲ್ಲಿ ಅಲ್ಲಿನ ಚತುರ್ಮುಖ ಬಸದಿಯನ್ನು ಕಟ್ಟಿಸಿದವನೂ ಇಮ್ಮಡಿ ಭೈರರಸನೇ. ವೇಣೂರಿನಲ್ಲಿ ಗೊಮ್ಮಟನನ್ನು ನಿಲ್ಲಿಸುವುದು ಕಾರ್ಕಳದ ಅರಸನಿಗೆ ಇಷ್ಟವಿರಲಿಲ್ಲ, ಯುದ್ಧಕ್ಕೇ ಬಂದ, ಆಗ ಅಜಿಲನು ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹೂತು ಕಾಪಾಡಿದ ಎಂಬ ಕಥೆ ಆ ಸೀಮೆಯಲ್ಲಿ ಪ್ರಚಲಿತವಾಗಿದೆ. ಇದನ್ನು ಪಾಡ್ದನದ ಪಕ್ಕಕ್ಕಿಟ್ಟು ನೋಡಿದರೆ ಒಂದು ಸಾಧ್ಯತೆ ಹೊಳೆಯುತ್ತದೆ: ಎರಡು ಅರಮನೆಗಳ ಪೈಪೋಟಿ, ಅದರ ನಡುವೆ ಸಿಕ್ಕಿಬಿದ್ದ ಕುಶಲಕರ್ಮಿಗಳ ಪಾಡು ಜನರ ನೆನಪಿನಲ್ಲಿ ಉಳಿಯಿತು. ಹಲವು ತಲೆಮಾರಿನ ಅರಸರು ಒಬ್ಬ ಭೈರವನಾದರು, ಹಲವು ಶಿಲ್ಪಿಗಳು ಒಬ್ಬ ಕಲ್ಕುಡನಾದರು. ಇದು ಊಹೆ ಮಾತ್ರ. ಆದರೆ 172 ವರ್ಷಗಳ ಅಂತರವನ್ನೂ ಮುಚ್ಚಿಡದೆ, ಪಾಡ್ದನವನ್ನೂ ಕಸಕ್ಕೆ ಎಸೆಯದೆ ಮಾಡಬಹುದಾದ ಊಹೆ.

ಹಾಗಾದರೆ ಶಿಲ್ಪಿಯ ಕೈ ಕಡಿದವರು ಯಾರು? ಒಬ್ಬ ಅರಸನ ಹೆಸರನ್ನು ಬರೆದು ಅಪರಾಧಿ ಎನ್ನಲು ಇರುವ ಸಾಕ್ಷ್ಯ ಸಾಲದು. ಆದರೂ ವಿಚಾರಣೆ ವ್ಯರ್ಥವಾಗಲಿಲ್ಲ. ಬೇಲೂರಿನ ಹೊಯ್ಸಳ ಶಿಲ್ಪಿಗಳಾದ ದಾಸೋಜ, ಚಾವಣರಂಥವರು ತಮ್ಮ ಮೂರ್ತಿಗಳ ಕೆಳಗೆ ಹೆಸರು ಕೆತ್ತಿಕೊಂಡರು. ಕಾರ್ಕಳ, ವೇಣೂರುಗಳ ವಿಷಯದಲ್ಲಿ ಜನ ನೆನೆಯುವ ಶಿಲ್ಪಿಯ ಹೆಸರು ಪಾಡ್ದನದಿಂದ ಬಂದದ್ದು. ಯಾವ ವರ್ಷ ಎಂದು ಕೇಳಿದರೆ ಶಾಸನ ಸರಿಯಾಗಿ ಉತ್ತರಿಸುತ್ತದೆ. ಆ ಬಂಡೆಯನ್ನು ಕಡಿದು, ಎಳೆದು, ನಿಲ್ಲಿಸಿದವರು ತಮ್ಮ ಒಡೆಯರ ಬಗ್ಗೆ ಏನು ತಿಳಿದುಕೊಂಡಿದ್ದರು ಎಂದು ಕೇಳಿದರೆ ಪಾಡ್ದನವೇ ಉತ್ತರಿಸಬೇಕು. ಪ್ರತಿಯೊಬ್ಬ ಸಾಕ್ಷಿಗೂ ಅವನಿಗೆ ಗೊತ್ತಿರುವುದನ್ನು ಕೇಳಬೇಕು; ಗೊತ್ತಿಲ್ಲದ್ದನ್ನು ಕೇಳಿ ಸುಳ್ಳನೆಂದು ಕಳಿಸಬಾರದು.

ಹೀಗೆ ಕೇಳುವುದು ಕರಾವಳಿಗೆ ಹೊಸದಲ್ಲ. ಬಂಟ್ವಾಳ, ಬೆಳ್ತಂಗಡಿಯ ಕಡೆ ಮಳೆಗಾಲದಲ್ಲಿ ತಾಳಮದ್ದಲೆ ಕೇಳಲು ಕೂರುವವರಿಗೆ 'ವಾಲಿಮೋಕ್ಷ' ಪ್ರಸಂಗ ಬಾಯಿಪಾಠ. ಮರೆಯಲ್ಲಿ ನಿಂತು ಬಾಣ ಬಿಟ್ಟವನು ರಾಮ, ಸಾಯುತ್ತಿರುವವನೇ ಕೇಳುವವನು. ಕೊಲೆಗೊಳಗಾದವನೇ ಕೊಂದವನ ವಿಚಾರಣೆ ಮಾಡುವ ಇಂಥ ಸನ್ನಿವೇಶ ಪತ್ತೇದಾರಿ ಸಾಹಿತ್ಯದಲ್ಲೂ ಅಪರೂಪ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಕೇಳುವಾಗ ರಾಮನ ಭಕ್ತರೂ ವಾಲಿಯ ಕಡೆ ವಾಲುತ್ತಿದ್ದರು. ಸಮರ್ಥ ಅರ್ಥಧಾರಿ ರಾಮನಾಗಿ ಎದುರು ಕೂತರೆ ಮತ್ತೆ ಈಚೆಗೆ ಬರುತ್ತಿದ್ದರು. ಇಂದು ರಾಮನಾದ ಕಲಾವಿದ ನಾಳೆ ವಾಲಿಯಾಗುತ್ತಾನೆ. ವೇಷವಿಲ್ಲ, ಕುಣಿತವಿಲ್ಲ, ಮಾತು ಮಾತ್ರ. ತೀರ್ಪು ಕೇಳುಗನಿಗೆ ಬಿಟ್ಟದ್ದು. ರಶೋಮಾನ್‌ನಲ್ಲಿ ಕುರೊಸಾವ ಮಾಡಿದ್ದೂ ಇದನ್ನೇ. ವಿಚಾರಣೆಯ ದೃಶ್ಯಗಳಲ್ಲಿ ನ್ಯಾಯಾಧಿಕಾರಿ ಕಾಣಿಸುವುದಿಲ್ಲ, ಅವನ ದನಿ ಕೇಳಿಸುವುದಿಲ್ಲ. ಸಾಕ್ಷಿಗಳು ನೇರವಾಗಿ ಕ್ಯಾಮೆರಾದತ್ತ ಮುಖ ಮಾಡಿ ಉತ್ತರ ಹೇಳುತ್ತಾರೆ. ನ್ಯಾಯಾಧಿಕಾರಿಯ ಪೀಠದಲ್ಲಿ ಕೂತವನು ಟಿಕೆಟು ಕೊಂಡ ಪ್ರೇಕ್ಷಕ.

ಕನ್ನಡ ಚಿತ್ರರಂಗ ಕುರೊಸಾವರಿಂದ ಎರಡು ಸಲ ಎರಡು ಬೇರೆ ವಸ್ತುಗಳನ್ನು ಪಡೆಯಿತು. ಗಿರೀಶ ಕಾರ್ನಾಡರು 1978ರಲ್ಲಿ 'ಒಂದಾನೊಂದು ಕಾಲದಲ್ಲಿ' ತೆಗೆದಾಗ ಪಡೆದದ್ದು ಸಮುರಾಯ್ ಚಿತ್ರಗಳ ಕತ್ತಿಯ ವರಸೆಯನ್ನು, ಒಡೆಯನ ಅನ್ನಕ್ಕೂ ತನ್ನ ಆತ್ಮಗೌರವಕ್ಕೂ ನಡುವೆ ಸಿಕ್ಕಿಕೊಂಡ ಬಾಡಿಗೆ ಯೋಧನ ಸಂಕಟವನ್ನು. ಗಂಡುಗಲಿಯಾಗಿ ಶಂಕರ್ ನಾಗ್, ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸ್ ಆ ಸಂಕಟವನ್ನು ಕರ್ನಾಟಕದ ಮಣ್ಣಿಗೆ ಇಳಿಸಿದರು. 2014ರಲ್ಲಿ ರಕ್ಷಿತ್ ಶೆಟ್ಟಿ 'ಉಳಿದವರು ಕಂಡಂತೆ' ಮಾಡಿದಾಗ ಪಡೆದದ್ದು ವಿಚಾರಣೆಯ ಕ್ರಮವನ್ನು. ಮಲ್ಪೆಯ ಕಡಲ ತೀರದಲ್ಲಿ ಅಷ್ಟಮಿಯ ಹೊತ್ತಿಗೆ ನಡೆದ ಘಟನೆಗಳನ್ನು ಪತ್ರಕರ್ತೆಯೊಬ್ಬಳು ಕೆದಕುತ್ತಾಳೆ. ಒಬ್ಬೊಬ್ಬರು ಕಂಡದ್ದು ಒಂದೊಂದು ಅಧ್ಯಾಯ. ಹುಲಿವೇಷದ ತಾಸೆಯ ಸದ್ದಿನ ನಡುವೆ ನಡೆಯುವ ಈ ಚಿತ್ರವನ್ನು ವಿಮರ್ಶಕರು ರಶೋಮಾನ್ ಜೊತೆ ಹೋಲಿಸಿದರು. ಬಿಡುಗಡೆಯಾದಾಗ ಕೆಲವರಿಗೆ ಗೋಜಲೆನಿಸಿದರೂ ಅದು ಬರಬರುತ್ತ ಅಭಿಮಾನಿಗಳನ್ನು ಸಂಪಾದಿಸಿತು. ಶೀರ್ಷಿಕೆಯಲ್ಲೇ ಅದರ ಎಚ್ಚರಿಕೆ ಇದೆ: ಇದು ಉಳಿದವರು ಕಂಡಂತೆ ಮಾತ್ರ.

'ಎಲ್ಲರೂ ಅವರವರ ದೃಷ್ಟಿಯಲ್ಲಿ ಸರಿ, ಸತ್ಯವೆಂಬುದೇ ಇಲ್ಲ' ಎಂದು ರಶೋಮಾನ್ ಹೇಳುತ್ತದೆಂದು ಕೆಲವರು ತಿಳಿಯುತ್ತಾರೆ. ಚಿತ್ರದ ಕೊನೆಯನ್ನು ನೋಡಿದರೆ ಹಾಗೆನ್ನಲು ಬರುವುದಿಲ್ಲ. ತಾನು ಹೆಣವನ್ನಷ್ಟೇ ಕಂಡೆ ಎಂದಿದ್ದ ಸೌದೆಯವನು ವಾಸ್ತವವಾಗಿ ಎಲ್ಲವನ್ನೂ ಮರೆಯಿಂದ ನೋಡಿದ್ದ. ಅವನು ನಿಜವನ್ನು ಪೂರ್ತಿ ಹೇಳದಿರಲು ಕಾರಣ ಬೆಲೆಬಾಳುವ ಆ ಕಠಾರಿ. ಅದನ್ನು ಅವನೇ ಕದ್ದಿದ್ದ. ಯಾರ ಪರವೂ ಅಲ್ಲದ ನೋಡುಗನಿಗೂ ಮುಚ್ಚಿಡಬೇಕಾದದ್ದು ಇತ್ತು. ಕಠಾರಿ ಕದ್ದದ್ದು ಮಾತ್ರ ದೃಷ್ಟಿಕೋನದ ವಿಷಯವಲ್ಲ, ನಡೆದ ಸಂಗತಿ. ಆ ಹೊತ್ತಿಗೆ ಹಾಳು ದ್ವಾರದ ಮೂಲೆಯಲ್ಲಿ ಯಾರೋ ಬಿಟ್ಟುಹೋದ ಹಸುಗೂಸು ಅಳುತ್ತದೆ. ಮನೆಯಲ್ಲಿ ಆರು ಮಕ್ಕಳಿರುವ ಅದೇ ಸೌದೆಯವನು, ಆರಕ್ಕೆ ಏಳಾದರೆ ಕಷ್ಟವೇನೂ ಹೆಚ್ಚದು ಎಂದು ಅದನ್ನು ಎತ್ತಿಕೊಂಡು ಹೊರಡುತ್ತಾನೆ. ಮಳೆ ನಿಲ್ಲುತ್ತದೆ. ಕೊಲೆಗಾರ ಸಿಗಲಿಲ್ಲ. ಆದರೆ ಸಾಕ್ಷಿ ತನ್ನ ಸುಳ್ಳನ್ನು ಒಪ್ಪಿಕೊಂಡು ಒಂದು ಹೊಣೆ ಹೊತ್ತ.

ಈ ಮಾತು ಇಂದು ಹೆಚ್ಚು ಅಗತ್ಯವಾಗಿದೆ. ಊರಿನಲ್ಲಿ ಒಂದು ಸಾವು, ಒಂದು ಕಳವು, ಒಂದು ಗಲಾಟೆ ನಡೆದರೆ ಪೊಲೀಸರು ಮಹಜರು ಬರೆಯುವ ಮೊದಲೇ ಮೊಬೈಲಿನಲ್ಲಿ ಅಪರಾಧಿಯ ಹೆಸರು, ಜಾತಿ, ಫೋಟೊ ಹರಿದಾಡಿರುತ್ತವೆ. ಕಂಡವರಿಗಿಂತ ಕೇಳಿದವರು, ಕೇಳಿದವರಿಗಿಂತ ಕಳುಹಿಸಿದವರು ಹೆಚ್ಚು. ನ್ಯಾಯಾಧಿಕಾರಿಯ ಪೀಠದಲ್ಲಿ ಕೂರಲು ಎಲ್ಲರಿಗೂ ಆತುರ; ಸಾಕ್ಷಿಗೆ ಏನು ಗೊತ್ತಿತ್ತು, ಅವನು ಯಾವ ಕಠಾರಿಯನ್ನು ಅಡಗಿಸಿಟ್ಟಿದ್ದಾನೆ ಎಂದು ಕೇಳುವ ತಾಳ್ಮೆ ಕಡಿಮೆ. 'ಆರೋಪಿ' ಎಂಬ ಪದಕ್ಕೂ 'ಅಪರಾಧಿ' ಎಂಬ ಪದಕ್ಕೂ ಇರುವ ಅಂತರವನ್ನು ಕಾಪಾಡುವುದೇ ಕಷ್ಟವಾಗಿದೆ. ತಾಳಮದ್ದಲೆಯಲ್ಲಿ ರಾಮನನ್ನೂ ವಾಲಿಯನ್ನೂ ಬೆಳಗಿನವರೆಗೆ ಕೂತು ಕೇಳಿದ ಊರು, ತನ್ನ ನೆರೆಮನೆಯವನ ಮಾತನ್ನು ಐದು ನಿಮಿಷ ಕೇಳಲು ಒಲ್ಲದಾದರೆ ನಷ್ಟ ಆ ಊರಿಗೇ.

ವೇಣೂರಿನಲ್ಲಿ 12 ವರ್ಷಗಳಿಗೊಮ್ಮೆ ಮಹಾಮಸ್ತಕಾಭಿಷೇಕ ನಡೆಯುತ್ತದೆ; ಕಳೆದ ಸಲ ನಡೆದದ್ದು 2024ರಲ್ಲಿ. ಅಲ್ಲಿಗೆ ಹೋದವರು ಮೂರ್ತಿಯ ಬಳಿಯ ಶಾಸನವನ್ನು ನೋಡಿ 1604 ಎಂಬ ವರ್ಷವನ್ನು ನೆನಪಿಟ್ಟುಕೊಂಡು ಬರಲಿ. ಪಣೋಲಿಬೈಲಿನ ಕೋಲಕ್ಕೆ ಹೋದವರು ಕಲ್ಲುರ್ಟಿ ತನ್ನ ಅಣ್ಣನಿಗಾಗಿ ಆಡುವ ಮಾತಿಗೂ ಕಿವಿಗೊಡಲಿ. ಎರಡನ್ನೂ ಕೇಳಿದವರು ರಶೋಮಾನ್ ನೋಡಲು ಕೂತರೆ, ಕೊನೆಯಲ್ಲಿ ಕೊಲೆಗಾರನ ಹೆಸರು ಸಿಗಲಿಲ್ಲವೆಂದು ಬೇಸರಪಟ್ಟುಕೊಂಡು ಏಳಲಾರರು.